ಅಮೆರಿಕದ ಏಮ್ಸ್ ಊರಿನಲ್ಲಿ ಬಾಡಿಗೆ ಮನೆ: ಜುಲೈ 31ರ ರಾತ್ರಿ ಎಲ್ಲಿ ಮಲಗುತ್ತೀರಿ?

ಜುಲೈ 31ರ ಮಧ್ಯಾಹ್ನ 12ಕ್ಕೆ ಹಳೇ ಮನೆಯ ಕೀಲಿ ವಾಪಸ್ ಕೊಟ್ಟಾಯಿತು. ಹೊಸ ಮನೆಯ ಕೀಲಿ ಸಿಗುವುದು ಆಗಸ್ಟ್ 1ರ ಮಧ್ಯಾಹ್ನ. ನಡುವಿನ ರಾತ್ರಿ ನಮ್ಮ ಸಂಸಾರ ಪೂರ್ತಿ, ಅಂದರೆ ಮೂರು ಹಾಸಿಗೆ, ಎರಡು ಕುಕ್ಕರ್, ಅರ್ಧ ಮೂಟೆ ಸೋನಾ ಮಸೂರಿ ಮತ್ತು ಯಾರೋ ಬಿಟ್ಟುಹೋದ ಒಂದು ಸೋಫಾ, ಬಾಡಿಗೆಗೆ ತಂದ ಯೂ-ಹಾಲ್ ಟ್ರಕ್ಕಿನೊಳಗೆ. ನಾವು ನಾಲ್ಕು ಜನ ಗೆಳೆಯನ ಮನೆಯ ಹಾಲ್‌ನಲ್ಲಿ ಸಾಲಾಗಿ ಮಲಗಿದ್ದೆವು. ಅವನ ಮನೆಯಲ್ಲಿ ಆಗಲೇ ಇನ್ನೂ ಮೂರು ಜನ ಹಾಗೇ ಬಂದು ಮಲಗಿದ್ದರು.

ಇದು ನಮ್ಮೊಬ್ಬರ ಪೇಚಾಟ ಅಂದುಕೊಂಡಿದ್ದೆ. ಹೊರಗೆ ಬಂದು ನೋಡಿದರೆ ಊರೇ ಬೀದಿಗೆ ಬಂದಿತ್ತು. ಅಯೋವಾ ರಾಜ್ಯದ ಏಮ್ಸ್ ಸಣ್ಣ ಊರು. 2020ರ ಜನಗಣತಿಯಲ್ಲಿ 66 ಸಾವಿರ ಚಿಲ್ಲರೆ ಜನ, ಅಲ್ಲಿನ ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುವವರೇ ಸುಮಾರು 30 ಸಾವಿರ. ಊರು ದಾಟಿದರೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಇಂಥ ಊರಲ್ಲಿ ಬಾಡಿಗೆ ಮನೆಗಳ ಲೆಕ್ಕ ನಡೆಯುವುದು ಕಾಲೇಜಿನ ಲೆಕ್ಕದ ಮೇಲೆ. ನೀವು ಓದೋಕೆ ಬಂದಿದ್ದರೂ ಅಷ್ಟೇ, ಡ್ಯಾನ್‌ಫಾಸ್ ಥರದ ಕಂಪನಿಗೆ ಕೆಲಸಕ್ಕೆ ಬಂದಿದ್ದರೂ ಅಷ್ಟೇ. ಬೆಂಗಳೂರಲ್ಲಿ ಟು-ಲೆಟ್ ಬೋರ್ಡ್ ನೋಡಿ, ಓನರ್ ಆಂಟಿ ಹತ್ತಿರ ಮಾತಾಡಿ, ಮುಂದಿನ ಭಾನುವಾರ ಹಾಲು ಉಕ್ಕಿಸಿದ ಅಭ್ಯಾಸ ಇಟ್ಟುಕೊಂಡು ಇಲ್ಲಿಗೆ ಬಂದರೆ ಕಷ್ಟ. ಇಲ್ಲಿ ಮಾತಿಗಿಂತ ತಾರೀಖಿಗೂ ಕಾಗದಕ್ಕೂ ಬೆಲೆ ಜಾಸ್ತಿ. ನಾನು ಎಡವಿದ ಜಾಗಗಳನ್ನೂ ಸೇರಿಸಿ, ಒಂದೊಂದೇ ಹಂತವಾಗಿ ಬರೆಯುತ್ತೇನೆ.

1. ಮನೆಗಿಂತ ಮೊದಲು ಕ್ಯಾಲೆಂಡರ್

ಮೊದಲು ಒಂದು ಪದದ ಗೊಂದಲ ಬಗೆಹರಿಸೋಣ. ಬೆಂಗಳೂರಲ್ಲಿ "ಲೀಸ್‌ಗೆ ಹಾಕಿಕೊಂಡೆ" ಅಂದರೆ ಬೋಗ್ಯ: ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ಇರುವುದು. ಅಮೆರಿಕದಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು, ಅಷ್ಟೇ. ಅಪ್ಪ ಫೋನಲ್ಲಿ "ಲೀಸಾ? ಅಷ್ಟು ದುಡ್ಡು ಎಲ್ಲಿತ್ತೋ ನಿಂಗೆ?" ಅಂತ ಗಾಬರಿಯಾದಾಗ ಹೇಳೋಕೆ ಬೇಕಾಗುತ್ತದೆ.

ಏಮ್ಸ್‌ನಲ್ಲಿ ಹೆಚ್ಚಿನ ಲೀಸ್‌ಗಳು ಆಗಸ್ಟ್ 1ರ ಸುಮಾರಿಗೆ ಶುರುವಾಗಿ ಮುಂದಿನ ಜುಲೈ 31ಕ್ಕೆ ಮುಗಿಯುತ್ತವೆ. ಮುಂದಿನ ವರ್ಷದ ಮನೆಗಳ ಮಾತು ಹಿಂದಿನ ಚಳಿಗಾಲಕ್ಕೆ ಮೊದಲೇ ಶುರುವಾಗುತ್ತದೆ. ನೀವು ಆಗಸ್ಟ್‌ನಲ್ಲಿ ಸೇರಿಕೊಂಡು, ಪರದೆ ಕೂಡ ಹಾಕಿಲ್ಲ, ಅಷ್ಟರಲ್ಲಿ "ಮುಂದಿನ ವರ್ಷಕ್ಕೂ ಇರ್ತೀರಾ?" ಅಂತ ಬಾಡಿಗೆ ಕಂಪನಿಯ ಆಫೀಸಿನಿಂದ ಮೇಲ್ ಬರುತ್ತದೆ. ಉತ್ತರ ಕೊಡದೆ ಸುಮ್ನೆ ಇದ್ದರೆ ನಿಮ್ಮ ಮನೆಯನ್ನೇ ಬೇರೆಯವರಿಗೆ ತೋರಿಸೋಕೆ ಶುರು ಮಾಡುತ್ತಾರೆ. ಹಾಗಂತ ಗಾಬರಿಬಿದ್ದು ಸಹಿ ಹಾಕಬೇಡಿ. ಊರಲ್ಲಿ ಮನೆಗಳು ಖಾಲಿಯಾಗಿಬಿಡುತ್ತವೆ ಅನ್ನುವ ಹೆದರಿಕೆಯನ್ನು ಬಾಡಿಗೆ ಕಂಪನಿಯವರೇ ಸ್ವಲ್ಪ ಬಿತ್ತುತ್ತಾರೆ. ಕ್ಯಾಂಪಸ್ಸಿಗೆ ಅಂಟಿಕೊಂಡ ಮನೆಗಳು ಬೇಗ ಹೋಗುತ್ತವೆ ಅನ್ನುವುದು ನಿಜ, ದೂರದವು ಬೇಸಿಗೆಯವರೆಗೂ ಸಿಗುತ್ತವೆ.

ಜನವರಿಯಲ್ಲಿ ಬರುವವರಿಗೆ ದಾರಿ ಬೇರೆ. ವರ್ಷದ ಮಧ್ಯೆ ಊರು ಬಿಟ್ಟು ಹೋಗುವವರು ತಮ್ಮ ಉಳಿದ ತಿಂಗಳುಗಳನ್ನು ಇನ್ನೊಬ್ಬರಿಗೆ ವಹಿಸುತ್ತಾರೆ, ಅದು ಸಬ್‌ಲೀಸ್. ಎಷ್ಟೋ ಸಲ ಕಡಿಮೆ ಬಾಡಿಗೆಗೇ ಸಿಗುತ್ತದೆ, ಯಾಕೆಂದರೆ ಅವರಿಗೆ ತುರ್ತು. ಆದರೆ ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇದೆಯಾ ಅಂತ ಕೇಳಿ. ನೀವು ವಹಿಸಿ ಕೊಡುವವರಾಗಿದ್ದರೆ ಇನ್ನೊಂದು ನೆನಪಿಡಿ: ಬಂದವನು ಬಾಡಿಗೆ ಕಟ್ಟದಿದ್ದರೆ ಸಾಮಾನ್ಯವಾಗಿ ಕಂಪನಿ ಹಿಡಿಯುವುದು ನಿಮ್ಮನ್ನೇ.

ಇನ್ನು ಆ ಒಂದು ರಾತ್ರಿಯ ವಿಷಯ. ಹಳೇ ಲೀಸ್ ಮುಗಿಯುವ ಹೊತ್ತಿಗೂ ಹೊಸದು ಶುರುವಾಗುವ ಹೊತ್ತಿಗೂ ನಡುವೆ ಎಷ್ಟು ಗಂಟೆ ಇದೆ ಅಂತ ಸಹಿ ಹಾಕುವ ಮೊದಲೇ ಕೇಳಿ. ಆ ಸಮಯದಲ್ಲಿ ಕಂಪನಿಯವರು ಮನೆ ತೊಳೆದು, ಬಣ್ಣ ಬಳಿದು, ಮುಂದಿನವರಿಗೆ ರೆಡಿ ಮಾಡುತ್ತಾರೆ. ಒಂದೇ ಕಂಪನಿಯ ಇನ್ನೊಂದು ಮನೆಗೆ ಹೋಗುತ್ತಿದ್ದರೆ ಎರಡು ದಿನ ಮೊದಲೇ ಕೀಲಿ ಕೊಡಿ ಅಂತ ಕೇಳಬಹುದು, ಒಂದೆರಡು ದಿನದ ಬಾಡಿಗೆ ಹಾಕಿ ಕೊಡುವವರಿದ್ದಾರೆ. ಟ್ರಕ್ಕು ಬೇಕಿದ್ದರೆ ತಿಂಗಳ ಮೊದಲೇ ಹೇಳಿಡಿ. ಇಡೀ ಊರು ಒಂದೇ ದಿನ ಮನೆ ಬದಲಿಸುವಾಗ ಟ್ರಕ್ಕು ಸಿಗುವುದು ದಸರಾ ರಜೆಯಲ್ಲಿ ಊರಿನ ಬಸ್ಸಿಗೆ ಸೀಟು ಸಿಕ್ಕ ಹಾಗೆ.

ಇನ್ನೊಂದು ಲಾಭ ಉಂಟು. ಬಿಟ್ಟು ಹೋಗುವವರು ಸೋಫಾ, ಟೇಬಲ್ಲುಗಳನ್ನು ಕಸಕ್ಕೆ ಎಸೆಯದಿರಲಿ ಅಂತ ಜುಲೈ ಕೊನೆಗೆ ಊರಿನವರೇ ರಮೇಜ್ ರ‍್ಯಾಂಪೇಜ್ ಅನ್ನುವ ಮಾರಾಟ ನಡೆಸುತ್ತಾರೆ, ಕ್ಯಾಂಪಸ್ ಪಕ್ಕದ ಪಾರ್ಕಿಂಗ್ ಕಟ್ಟಡದಲ್ಲಿ. ನನ್ನ ಓದುವ ಟೇಬಲ್ಲು, ಕುರ್ಚಿ ಎರಡೂ ಅಲ್ಲಿಂದಲೇ ಬಂದವು, ಒಂದು ಹೊತ್ತಿನ ಊಟದ ಬೆಲೆಗೆ. ಹಾಸಿಗೆ ಮತ್ತು ಬಟ್ಟೆ ಹೊದಿಸಿದ ಸೋಫಾ ಮಾತ್ರ ಹಳೇದು ತರುವ ಮೊದಲು ಹೊಲಿಗೆಯ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ತಿಗಣೆ ಅಮೆರಿಕದಲ್ಲೂ ತಿಗಣೆಯೇ.

2. ನಕ್ಷೆ ನೋಡುವಾಗ ಬಸ್ಸಿನ ದಾರಿ ಹಿಡಿಯಿರಿ

ಕಾರಿಲ್ಲದೆ ಮೊದಲ ವರ್ಷ ಕಳೆಯುವವರಿಗೆ ಈ ಊರು ಪರವಾಗಿಲ್ಲ. ಸೈರೈಡ್ ಅನ್ನುವ ಊರ ಬಸ್ಸಿದೆ, ಯೂನಿವರ್ಸಿಟಿಯ ಕಾರ್ಡ್ ತೋರಿಸಿದರೆ ವಿದ್ಯಾರ್ಥಿಗಳಿಗೆ ಟಿಕೆಟ್ ಇಲ್ಲ, ಫೀಸಿನಲ್ಲೇ ಸೇರಿರುತ್ತದೆ. ಹಾಗಾಗಿ ಮನೆಯ ಜಾಹೀರಾತಿನಲ್ಲಿ "ಕ್ಯಾಂಪಸ್ಸಿಗೆ ಐದು ನಿಮಿಷ" ಅಂತ ಇದ್ದರೆ ಅದು ಕಾರಿನ ಐದು ನಿಮಿಷವೋ ಕಾಲಿನ ಐದು ನಿಮಿಷವೋ ನೋಡಿ, ಆಮೇಲೆ ಹತ್ತಿರದ ಬಸ್ ಸ್ಟಾಪ್ ನೋಡಿ, ಆಮೇಲೆ ಮುಖ್ಯವಾಗಿ ಭಾನುವಾರದ ಮತ್ತು ರಜೆಯ ವೇಳಾಪಟ್ಟಿ ನೋಡಿ. ವಾರದ ದಿನ ಮೇಲಿಂದ ಮೇಲೆ ಬರುವ ಬಸ್ಸು ಭಾನುವಾರ ತುಂಬಾ ಕಮ್ಮಿಯಾಗುತ್ತದೆ, ಮತ್ತೆ ನೀವು ದಿನಸಿಗೆ ಹೋಗುವುದು ಭಾನುವಾರವೇ.

ಲಿಂಕನ್ ವೇ ಊರಿನ ಉದ್ದಕ್ಕೂ ಹೋಗುವ ದೊಡ್ಡ ರಸ್ತೆ. ಕ್ಯಾಂಪಸ್ ಎದುರಿನ ಕ್ಯಾಂಪಸ್‌ಟೌನ್‌ನಲ್ಲಿ, ವೆಲ್ಚ್ ಅವೆನ್ಯೂ ಸುತ್ತ, ನಡೆದು ಕ್ಲಾಸಿಗೆ ಹೋಗಬಹುದು. ಬಾಡಿಗೆ ಜಾಸ್ತಿ, ಶುಕ್ರವಾರ ರಾತ್ರಿಯ ಗದ್ದಲವೂ ಜಾಸ್ತಿ. ಪಶ್ಚಿಮಕ್ಕೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ. ಆಗ್ನೇಯಕ್ಕೆ ಸೌತ್ ಡಫ್ ರಸ್ತೆಯ ಕಡೆ ವಾಲ್‌ಮಾರ್ಟ್, ದೊಡ್ಡ ಅಂಗಡಿಗಳು. ಆ ತಗ್ಗಿನ ಕಡೆ ಮನೆ ನೋಡುತ್ತಿದ್ದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ: ಇಲ್ಲಿ ನೀರು ಬಂದಿತ್ತಾ? 1993ರಲ್ಲಿ ಮತ್ತು 2010ರಲ್ಲಿ ಊರಿನ ಹೊಳೆಗಳು ಉಕ್ಕಿ ಯೂನಿವರ್ಸಿಟಿಯ ಹಿಲ್ಟನ್ ಕೊಲಿಸಿಯಂ ಒಳಗೇ ನೀರು ನಿಂತಿತ್ತು. ನೆಲಮಾಳಿಗೆಯ ಮನೆ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಕಾರಣ ಕೇಳಿಕೊಳ್ಳಿ.

3. ಕ್ರೆಡಿಟ್ ಇಲ್ಲ, ನಂಬರ್ ಇಲ್ಲ, ಏನು ಮಾಡೋದು?

ಅರ್ಜಿ ಹಾಕುವಾಗ ಸೋಶಿಯಲ್ ಸೆಕ್ಯೂರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ನಂಬರ್) ಕೇಳುತ್ತಾರೆ, ಹಳೇ ಮನೆ ಮಾಲೀಕರ ಹೆಸರು ಕೇಳುತ್ತಾರೆ, ಕ್ರೆಡಿಟ್, ಅಂದರೆ ಸಾಲ ತೀರಿಸಿದ ದಾಖಲೆ, ನೋಡುತ್ತೇವೆ ಅನ್ನುತ್ತಾರೆ. ಹೊಸದಾಗಿ ಬಂದವರ ಹತ್ತಿರ ಮೂರೂ ಇರುವುದಿಲ್ಲ. ಕಾಲೇಜು ಊರಿನ ಆಫೀಸುಗಳಿಗೆ ಇದು ಹೊಸದಲ್ಲ. ಪಾಸ್‌ಪೋರ್ಟ್, ವೀಸಾ, ಐ-20 (ವಿದ್ಯಾರ್ಥಿ ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಪತ್ರ) ಅಥವಾ ಕೆಲಸದ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಷ್ಟನ್ನು ಒಂದೇ ಫೈಲ್ ಮಾಡಿಟ್ಟುಕೊಳ್ಳಿ. ಅಸಿಸ್ಟೆಂಟ್‌ಶಿಪ್ (ಓದುತ್ತಲೇ ಯೂನಿವರ್ಸಿಟಿಯಲ್ಲಿ ಮಾಡುವ ಸಂಬಳದ ಕೆಲಸ) ಇದ್ದರೆ ಆ ಪತ್ರವನ್ನು ಮೇಲೆಯೇ ಇಡಿ, ತಿಂಗಳ ಸಂಬಳ ಕಾಣುವ ಕಾಗದಕ್ಕೆ ಅಲ್ಲಿ ಮರ್ಯಾದೆ.

ಕೆಲವರು ಜಾಮೀನುದಾರ ಬೇಕು ಅನ್ನುತ್ತಾರೆ, ಅದೂ ಅಮೆರಿಕದಲ್ಲಿ ಇರುವವರು. ದೂರದ ಸೋದರಮಾವನ ಮಗನಿಗೆ ಫೋನ್ ಮಾಡುವ ಮೊದಲು, "ಅದರ ಬದಲು ಡೆಪಾಸಿಟ್ ಜಾಸ್ತಿ ಕೊಡಬಹುದಾ?" ಅಂತ ಕೇಳಿ ನೋಡಿ. ಅಯೋವಾ ಕಾನೂನಿನ ಪ್ರಕಾರ ಡೆಪಾಸಿಟ್ ಎರಡು ತಿಂಗಳ ಬಾಡಿಗೆ ದಾಟುವಂತಿಲ್ಲ. ಬಾಡಿಗೆ 900 ಡಾಲರ್ ಇದ್ದರೆ ಹೆಚ್ಚೆಂದರೆ 1,800. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಕೇಳೋಕೆ ಹಾಯ್ ಅನಿಸುತ್ತದೆ, ಅಲ್ವಾ? ಅರ್ಜಿ ಶುಲ್ಕ ಬೇರೆ, ಅದು ವಾಪಸ್ ಬರುವುದಿಲ್ಲ ಅಂದುಕೊಂಡೇ ಕೊಡಿ. ಹಾಗಾಗಿ ಐದಾರು ಕಡೆ ಅರ್ಜಿ ಹಾಕುವ ಉಮೇದು ಬೇಡ.

ಊರಿಂದ ಹೊರಡುವ ಮೊದಲೇ ಮನೆ ಹಿಡಿಯಬೇಕು ಅನ್ನುವ ಆತುರದಲ್ಲಿ ಮೋಸ ಹೋಗುವವರು ಪ್ರತಿ ವರ್ಷ ಇರುತ್ತಾರೆ. ಮಾದರಿ ಒಂದೇ: ಫೋಟೋ ಚೆಂದ, ಬಾಡಿಗೆ ಸುತ್ತಮುತ್ತಲಿಗಿಂತ ಕಮ್ಮಿ, ಮಾಲೀಕ "ಊರಲ್ಲಿಲ್ಲ", ದುಡ್ಡು ಕಳಿಸಿದರೆ ಕೀಲಿ ಪೋಸ್ಟಲ್ಲಿ ಬರುತ್ತದೆ. ಬರುವುದಿಲ್ಲ. ಆ ವಿಳಾಸವನ್ನು ಊರಿನ ಆಸ್ತಿ ದಾಖಲೆ ಇಡುವ ಏಮ್ಸ್ ಸಿಟಿ ಅಸೆಸರ್ ಕಚೇರಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಮನೆ ಯಾರ ಹೆಸರಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು. ಆಗಲೇ ಅಲ್ಲಿರುವ ಕನ್ನಡದವರನ್ನೋ ತೆಲುಗಿನವರನ್ನೋ ಹಿಡಿದು, ಹೋಗಿ ವಿಡಿಯೋ ಕಾಲ್ ಮಾಡಿ ತೋರಿಸಿ ಅಂತ ಕೇಳಿ. ನಾಚಿಕೆ ಬೇಡ. ನನಗೆ ಹಾಗೆ ತೋರಿಸಿದವರು ಇದ್ದರು, ನಾನು ಎಷ್ಟೋ ಜನಕ್ಕೆ ತೋರಿಸಿದ್ದೇನೆ.

4. ಮನೆ ನೋಡುವಾಗ ಒಲೆಯಿಂದ ಶುರು ಮಾಡಿ

ಮನೆ ತೋರಿಸುವ ಹುಡುಗಿ ನಿಮ್ಮನ್ನು ಮೊದಲು ಹಾಲ್‌ಗೆ, ಕಿಟಕಿಯ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ನೀವು ಸೀದಾ ಅಡುಗೆಮನೆಗೆ ಹೋಗಿ. ಒಲೆಯ ಮೇಲಿನ ಹುಡ್‌ನ ಫ್ಯಾನ್ ಹಾಕಿ, ಅದರ ಮುಂದೆ ಮುಖ ಇಡಿ. ಗಾಳಿ ನಿಮ್ಮ ಮುಖಕ್ಕೇ ಬಂತಾ? ಹಾಗಾದರೆ ಅದು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಒಂದು ಜಾಲರಿಯಲ್ಲಿ ಸೋಸಿ ಮತ್ತೆ ನಿಮ್ಮ ಹಾಲ್‌ಗೇ ಬಿಡುತ್ತದೆ. ಈ ಥರದ್ದು ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಬೇಕಾದಷ್ಟಿವೆ.

ಇದಕ್ಕೆ ಯಾಕೆ ಇಷ್ಟು ಒತ್ತು ಅಂದರೆ, ನನ್ನ ಮೊದಲ ಚಳಿಗಾಲ. ಹೊರಗೆ ಮೈನಸ್ ಹದಿನೈದು. ಬೇಳೆ ಸಾರಿಗೆ ಒಗ್ಗರಣೆ ಇಟ್ಟೆ: ಎಣ್ಣೆ ಕಾದಿದ್ದು ಸ್ವಲ್ಪ ಜಾಸ್ತಿಯಾಯಿತು, ಸಾಸಿವೆ ಸಿಡಿಯಿತು, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ ಘಾಟು ಎದ್ದಿತು. ಮನೆಯೊಳಗಿನ ಹೊಗೆ ಅಲಾರಂ ಕಿರುಚಿತು. ನಾನು ಮಾಡಿದ ತಪ್ಪು ಏನೆಂದರೆ, ಹೊಗೆ ಹೋಗಲಿ ಅಂತ ಮುಂಬಾಗಿಲು ತೆಗೆದೆ. ಮುಂಬಾಗಿಲ ಆಚೆ ಇರುವುದು ಬೀದಿ ಅಲ್ಲ, ಕಟ್ಟಡದ ಒಳಗಿನ ಪಡಸಾಲೆ. ಅಲ್ಲಿರುವ ಅಲಾರಂ ಇಡೀ ಕಟ್ಟಡದ್ದು. ಹತ್ತು ನಿಮಿಷದಲ್ಲಿ ಮೂರು ಮಹಡಿಯ ಜನ ಪೈಜಾಮದಲ್ಲಿ ಹಿಮದ ಮೇಲೆ ನಿಂತಿದ್ದರು, ಕೆಂಪು ಲಾರಿ ಬಂದು ನಿಂತಿತ್ತು, ಹೆಲ್ಮೆಟ್ ಹಾಕಿದ ಅಜಾನುಬಾಹು ಒಬ್ಬರು ನನ್ನ ಒಗ್ಗರಣೆ ಸೌಟನ್ನು ಗಂಭೀರವಾಗಿ ನೋಡುತ್ತಿದ್ದರು. ಅದಕ್ಕೇ ಹೇಳುವುದು, ಹೊಗೆಯಾದರೆ ಕಿಟಕಿ ತೆಗೆಯಿರಿ, ಎಂಥ ಚಳಿಯಿದ್ದರೂ ಕಿಟಕಿ. ಮುಂಬಾಗಿಲು ಮುಟ್ಟಬೇಡಿ. ಬೆಂಕಿ ಬಿದ್ದಿದ್ದರೆ ಮಾತು ಬೇರೆ, ಆಗ ಎಲ್ಲ ಬಿಟ್ಟು ಹೊರಗೆ ಓಡಿ. ಅಲಾರಂನ ಬ್ಯಾಟರಿ ಕಿತ್ತಿಡುವ ಜಾಣತನವೂ ಬೇಡ, ಸಿಕ್ಕಿಬಿದ್ದರೆ ದಂಡ, ಸಿಕ್ಕಿಬೀಳದಿದ್ದರೆ ಇನ್ನೂ ಅಪಾಯ.

ಒಲೆ ಸುರುಳಿ ಸುರುಳಿಯಾಗಿ ಕಾಯುವ ಕಾಯಿಲ್‌ದಾ, ಗಾಜಿನದಾ ನೋಡಿ. ಗಾಜಿನದಾದರೆ ಅಮ್ಮ ಕೊಟ್ಟ ಕಬ್ಬಿಣದ ರೊಟ್ಟಿ ಹಂಚನ್ನು ಅದರ ಮೇಲೆ ಎಳೆದಾಡುವಂತಿಲ್ಲ, ಗೀರು ಬಿದ್ದರೆ ನಿಮ್ಮ ಡೆಪಾಸಿಟ್‌ನಿಂದ. ತಳ ಗುಂಡಗಿರುವ ಬಾಣಲೆ ಎರಡರ ಮೇಲೂ ಸರಿಯಾಗಿ ಕಾಯುವುದಿಲ್ಲ.

ಸಿಂಕ್ ಕೆಳಗೆ ಬಗ್ಗಿ ನೋಡಿ. ಅಲ್ಲೊಂದು ಕಸ ಅರೆಯುವ ಮೋಟರ್ ಇರಬಹುದು. ಅದು ಮಿಕ್ಸಿ ಅಲ್ಲ. ಅನ್ನ, ಕರಿಬೇವಿನ ಕಡ್ಡಿ, ಈರುಳ್ಳಿ ಸಿಪ್ಪೆ ಅದಕ್ಕೆ ಹಾಕಿದರೆ ಎರಡು ಮನೆ ಆಚೆಯವರ ಸಿಂಕಿನಲ್ಲಿ ನೀರು ಮೇಲೆ ಬರುತ್ತದೆ, ಪ್ಲಂಬರ್ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ. ಅನ್ನ ಮಿಕ್ಕರೆ ಚಿತ್ರಾನ್ನ ಮಾಡಿ, ಇಲ್ಲ ಕಸದ ಚೀಲಕ್ಕೆ ಹಾಕಿ.

ಬಚ್ಚಲಿಗೆ ಹೋಗಿ ನೆಲ ನೋಡಿ. ನೀರು ಹೋಗೋಕೆ ತೂತು ಇರುವುದಿಲ್ಲ. ಇದನ್ನು ಊರಿಂದ ಬರುವ ಅಪ್ಪ-ಅಮ್ಮನಿಗೆ ಮೊದಲ ದಿನವೇ ಹೇಳಿಬಿಡಬೇಕು. ಬಕೆಟ್ ಸ್ನಾನ ಮಾಡಬಹುದು, ಆದರೆ ಟಬ್ ಒಳಗೇ, ಪರದೆಯ ಅಂಚು ಟಬ್ಬಿನ ಒಳಕ್ಕೆ ಬೀಳುವ ಹಾಗೆ. ಪರದೆ ಹೊರಗೆ ಬಿದ್ದರೆ ನೀರು ನೆಲಕ್ಕೆ, ನೆಲದಿಂದ ಕೆಳಗಿನ ಮನೆಯ ತಾರಸಿಗೆ. ಈ ಕಟ್ಟಡಗಳು ಒಳಗೆಲ್ಲ ಮರದವು, ನಮ್ಮ ಸಿಮೆಂಟಿನ ಮನೆ ತಡೆದ ಹಾಗೆ ತಡೆಯುವುದಿಲ್ಲ.

ಬೆಡ್‌ರೂಮು ನೆಲಮಾಳಿಗೆಯಲ್ಲಿದ್ದರೆ ಕಿಟಕಿಯಲ್ಲಿ ಒಬ್ಬ ಮನುಷ್ಯ ಹೊರಗೆ ತೂರಿಕೊಂಡು ಹೋಗಬಹುದಾ ನೋಡಿ. ಹೋಗೋಕೆ ಆಗದಿದ್ದರೆ ಅದು ಮಲಗುವ ಕೋಣೆಯೇ ಅಲ್ಲ, ಉಗ್ರಾಣ. ರೇಡಾನ್ ಅನ್ನುವ ಅನಿಲದ ಬಗ್ಗೆಯೂ ಕೇಳಿ, ನೆಲದಿಂದ ಬರುತ್ತದೆ, ವಾಸನೆ ಇಲ್ಲ, ಶ್ವಾಸಕೋಶಕ್ಕೆ ಕೆಟ್ಟದ್ದು. ಅಯೋವಾದ 99 ಕೌಂಟಿಗಳೂ ಇದರ ಅಪಾಯ ಹೆಚ್ಚಿರುವ ಪಟ್ಟಿಯಲ್ಲಿವೆ. 1978ಕ್ಕಿಂತ ಹಳೆಯ ಮನೆಯಾದರೆ ಸೀಸದ ಬಣ್ಣದ ಬಗ್ಗೆ ಒಂದು ಕಾಗದ ಕೊಡಲೇಬೇಕು ಅನ್ನುವುದು ಕೇಂದ್ರದ ಕಾನೂನು. ಮಕ್ಕಳಿರುವವರು ಅದನ್ನು ಓದದೆ ಸಹಿ ಹಾಕಬೇಡಿ. ಏಮ್ಸ್ ನಗರಾಡಳಿತ ಬಾಡಿಗೆ ಮನೆಗಳನ್ನು ತಪಾಸಣೆ ಮಾಡಿ ಲೆಟರ್ ಆಫ್ ಕಂಪ್ಲಯನ್ಸ್ ಅನ್ನುವ ಪತ್ರ ಕೊಡುತ್ತದೆ. ಹಳೇ ಮನೆಯನ್ನು ಒಡೆದು ಮೂರು ಪಾಲು ಮಾಡಿ ಬಾಡಿಗೆಗೆ ಕೊಡುತ್ತಿದ್ದರೆ ಆ ಪತ್ರ ಇದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

5. ಲೀಸ್ ಓದಿ. ಪೂರ್ತಿ.

ಮೂವತ್ತು ಪುಟ ಇರುತ್ತದೆ, ಫೋನಿನಲ್ಲಿ ಬೆರಳಾಡಿಸಿ ಸಹಿ ಹಾಕುವ ಹಾಗೆ ಮಾಡಿರುತ್ತಾರೆ. ಹಾಗೆ ಮಾಡಬೇಡಿ. ಕಂಪ್ಯೂಟರಲ್ಲಿ ತೆಗೆದು ಈ ಕೆಳಗಿನವು ಎಲ್ಲಿವೆ ಅಂತ ಹುಡುಕಿ.

ಮೊದಲನೆಯದು, ರೂಮ್‌ಮೇಟ್‌ಗಳ ವಿಷಯ. ನಾಲ್ಕು ಜನ ಒಂದೇ ಲೀಸ್‌ಗೆ ಸಹಿ ಹಾಕಿದರೆ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ, ಕಾಲುಭಾಗಕ್ಕಲ್ಲ. ಒಬ್ಬನಿಗೆ ನವೆಂಬರಲ್ಲಿ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿ ಹೋದ ಅಂದರೆ ಅವನ ಪಾಲನ್ನು ಕಂಪನಿ ನಿಮ್ಮಿಂದ ಕೇಳಬಹುದು. ಕೆಲವು ದೊಡ್ಡ ಕಾಂಪ್ಲೆಕ್ಸ್‌ಗಳು ಕೋಣೆಗೊಂದು ಲೀಸ್ ಮಾಡುತ್ತವೆ, ಅಲ್ಲಿ ಈ ತಲೆನೋವಿಲ್ಲ, ಬದಲಿಗೆ ಪಕ್ಕದ ಕೋಣೆಗೆ ಯಾರು ಬರುತ್ತಾರೆ ಅನ್ನುವುದು ನಿಮ್ಮ ಕೈಲಿಲ್ಲ. ಗೆಳೆಯರೇ ಆದರೂ ಬಾಡಿಗೆ, ಕರೆಂಟು, ಬಿಟ್ಟುಹೋದರೆ ಏನು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿ. ಸಂಕೋಚ ಒಂದು ದಿನದ್ದು, ಜಗಳ ಒಂದು ವರ್ಷದ್ದು.

ಎರಡನೆಯದು, ಬಾಡಿಗೆ ಎಂದು ಕಟ್ಟಬೇಕು, ತಡವಾದರೆ ಎಷ್ಟು. ಅಯೋವಾದಲ್ಲಿ ಇದಕ್ಕೆ ಮಿತಿಯಿದೆ: ಬಾಡಿಗೆ 700 ಡಾಲರ್ ಅಥವಾ ಕಡಿಮೆ ಇದ್ದರೆ ತಡವಾದ ದಿನಕ್ಕೆ 12, ತಿಂಗಳಿಗೆ 60 ದಾಟುವಂತಿಲ್ಲ, 700ಕ್ಕಿಂತ ಜಾಸ್ತಿಯಿದ್ದರೆ ದಿನಕ್ಕೆ 20, ತಿಂಗಳಿಗೆ 100. ಬಾಡಿಗೆ ಕಟ್ಟದಿದ್ದರೆ ಮೂರು ದಿನದ ನೋಟಿಸ್ ಕೊಟ್ಟು ಮುಂದಿನ ಕ್ರಮ ಶುರು ಮಾಡಬಹುದು. "ನಲ್ಲಿ ರಿಪೇರಿ ಮಾಡಿಸಲಿ, ಆಮೇಲೆ ಬಾಡಿಗೆ ಕೊಡ್ತೀನಿ" ಅನ್ನುವ ನಮ್ಮ ಕಡೆಯ ಹಟ ಇಲ್ಲಿ ನಡೆಯುವುದಿಲ್ಲ. ಬಾಡಿಗೆ ಕಟ್ಟಿ, ರಿಪೇರಿಯನ್ನು ಬರಹದಲ್ಲಿ ಕೇಳಿ, ಆಗದಿದ್ದರೆ ಸಲಹೆ ತೆಗೆದುಕೊಳ್ಳಿ. ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ಸ್ಟೂಡೆಂಟ್ ಲೀಗಲ್ ಸರ್ವಿಸಸ್ ಅಂತ ವಕೀಲರ ಕಚೇರಿಯೇ ಇದೆ. ಸಹಿ ಹಾಕುವ ಮೊದಲೇ ಲೀಸ್ ತೆಗೆದುಕೊಂಡು ಅಲ್ಲಿಗೆ ಹೋಗಿ ಅನ್ನುವುದು ನನ್ನ ಸಲಹೆ, ಸಹಿ ಹಾಕಿದ ಮೇಲೆ ಅವರೂ ಏನು ಮಾಡೋಕಾಗುತ್ತೆ?

ಮೂರನೆಯದು, ಯಾವ ಬಿಲ್ಲು ಯಾರದ್ದು. ಏಮ್ಸ್‌ನಲ್ಲಿ ಕರೆಂಟು ಮತ್ತು ನೀರು ಎರಡೂ ನಗರಾಡಳಿತದ್ದೇ, ಬಿಲ್ಲೂ ಒಂದೇ. ಕೀಲಿ ಸಿಗುವ ದಿನದಿಂದ ನಿಮ್ಮ ಹೆಸರಿಗೆ ಖಾತೆ ಮಾಡಿಸಬೇಕು. ಮನೆ ಕಾಯಿಸುವುದು ಗ್ಯಾಸಿನಿಂದಲೋ ಕರೆಂಟಿನಿಂದಲೋ ಅಂತ ತಪ್ಪದೆ ಕೇಳಿ. ಗೋಡೆಯ ಬುಡದಲ್ಲಿ ಉದ್ದಕ್ಕೆ ಕರೆಂಟ್ ಹೀಟರ್ ಇರುವ ಮನೆ ಬಾಡಿಗೆಯಲ್ಲಿ ಐವತ್ತು ಡಾಲರ್ ಅಗ್ಗ ಇದ್ದರೂ ಜನವರಿಯಲ್ಲಿ ಅದರ ಎರಡರಷ್ಟು ತಿನ್ನಬಹುದು. ಹಿಂದಿನ ಜನವರಿಯ ಬಿಲ್ಲು ಎಷ್ಟು ಬಂದಿತ್ತು ಅಂತ ಕೇಳಿ, ಸುಮಾರಿಗೆ ಹೇಳುತ್ತಾರೆ. ಸರಾಸರಿ ಹೇಳಿದರೆ ಒಪ್ಪಬೇಡಿ, ಸರಾಸರಿಯಲ್ಲಿ ಮೇ ತಿಂಗಳೂ ಸೇರಿರುತ್ತದೆ.

ಬಾಡಿಗೆದಾರರ ವಿಮೆ ಕಡ್ಡಾಯ ಅಂತ ಹೆಚ್ಚಿನ ಕಡೆ ಬರೆದಿರುತ್ತಾರೆ. ತಿಂಗಳಿಗೆ ಹತ್ತಿಪ್ಪತ್ತು ಡಾಲರ್, ದಂಡ ಅಂದುಕೊಳ್ಳಬೇಡಿ. ನಿಮ್ಮ ಟಬ್ಬಿನ ನೀರು ಕೆಳಗಿನವರ ಟಿವಿ ಮೇಲೆ ಬಿದ್ದಾಗ ಕೈಹಿಡಿಯುವುದು ಅದೇ. ಪ್ರವಾಹದ ನೀರು ಮಾತ್ರ ಸಾಮಾನ್ಯ ವಿಮೆಯಲ್ಲಿ ಬರುವುದಿಲ್ಲ.

6. ಕೀಲಿ ಸಿಕ್ಕ ದಿನ, ಸಾಮಾನು ಒಳಗಿಡುವ ಮೊದಲು

ಫೋನ್ ತೆಗೆದು ಖಾಲಿ ಮನೆಯ ವಿಡಿಯೋ ಮಾಡಿ, ಮಾತಾಡುತ್ತಾ. "ಇವತ್ತು ಆಗಸ್ಟ್ 1, ಇದು ಹಾಲ್, ಕಾರ್ಪೆಟ್ ಮೇಲೆ ಕಿಟಕಿ ಹತ್ತಿರ ಕಪ್ಪು ಕಲೆ." ಫ್ರಿಜ್ ಒಳಗೆ, ಓವನ್ ಒಳಗೆ, ಬಾಗಿಲ ಹಿಂದೆ, ಕಿಟಕಿ ಪಟ್ಟಿಗಳು ಮುರಿದಿವೆಯಾ, ಎಲ್ಲ. ಆಫೀಸಿನವರು ಒಂದು ಪಟ್ಟಿ ಕೊಡುತ್ತಾರೆ, ಕೆಲವೇ ದಿನದಲ್ಲಿ ತುಂಬಿ ವಾಪಸ್ ಕೊಡಬೇಕು. ಕೊಟ್ಟದ್ದರ ಫೋಟೋ ನಿಮ್ಮ ಹತ್ತಿರ ಇರಲಿ, ಅದನ್ನು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ, ತಾರೀಖು ಉಳಿಯುತ್ತದೆ.

ನನ್ನ ಎರಡನೇ ಮನೆಯಲ್ಲಿ ಕಾರ್ಪೆಟ್ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಗುರುತಿತ್ತು. ಬರೆಯೋಕೆ ಸೋಮಾರಿತನ, "ಅವರಿಗೆ ಗೊತ್ತಿರುತ್ತೆ ಬಿಡು" ಅಂದುಕೊಂಡೆ. ವರ್ಷದ ಕೊನೆಗೆ ಅದರ ಹೆಸರಲ್ಲಿ 140 ಡಾಲರ್ ಹೋಯಿತು. ಹತ್ತಿರದ ಹೈ-ವೀ ಅಂಗಡಿಯಲ್ಲಿ ಆಫೀಸಿನ ಮ್ಯಾನೇಜರ್ ಎದುರಾದಾಗ ಆಕೆ ನಗುನಗುತ್ತಾ ಮಾತಾಡಿಸಿದರು, ಹವಾಮಾನ ಕೇಳಿದರು, ಅಪ್ಪ-ಅಮ್ಮ ಹೇಗಿದ್ದಾರೆ ಅಂತಲೂ ಕೇಳಿದರು. ಸಣ್ಣ ಊರು, ಜನ ನಿಜವಾಗಿ ಒಳ್ಳೆಯವರು. 140 ಡಾಲರ್ ಮಾತ್ರ ವಾಪಸ್ ಬರಲಿಲ್ಲ.

7. ನವೆಂಬರ್ ಕಳೆದ ಮೇಲೆ

ಡಿಸೆಂಬರಲ್ಲಿ ಊರಿಗೆ ಹೋಗುವಾಗ ಕರೆಂಟ್ ಉಳಿಸೋಣ ಅಂತ ಹೀಟರ್ ಆರಿಸಿ ಹೋಗಬೇಡಿ. ಪೈಪಿನೊಳಗೆ ನೀರು ಗಡ್ಡೆಕಟ್ಟಿ ಪೈಪ್ ಒಡೆಯುತ್ತದೆ, ನೀವು ಮೈಸೂರಲ್ಲಿ ಮೈಸೂರುಪಾಕ್ ತಿನ್ನುತ್ತಿರುವಾಗ ಇಲ್ಲಿ ಮೂರು ಮನೆಗೆ ನೀರು. ಎಷ್ಟು ಡಿಗ್ರಿಯಲ್ಲಿ ಇಟ್ಟು ಹೋಗಬೇಕು ಅಂತ ಲೀಸಲ್ಲೇ ಇರುತ್ತದೆ, ಇಲ್ಲದಿದ್ದರೆ 55 ಫ್ಯಾರನ್‌ಹೀಟ್‌ಗಿಂತ ಇಳಿಸಬೇಡಿ. ವಿಪರೀತ ಚಳಿಯ ರಾತ್ರಿ ಸಿಂಕ್ ಕೆಳಗಿನ ಕಪಾಟು ತೆರೆದಿಟ್ಟು, ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಮಲಗಿ.

ಕಾರು ಇದ್ದರೆ, ಬೀದಿಯಲ್ಲಿ ನಿಲ್ಲಿಸುವ ಜಾಗ ಸ್ನೋ ರೂಟ್ ಅಂತ ಬೋರ್ಡ್ ಇರುವ ಕಡೆಯಾ ನೋಡಿಕೊಳ್ಳಿ. ಹಿಮ ತೆಗೆಯುವ ಲಾರಿ ಬರುವ ರಸ್ತೆ ಅದು, ಹಿಮ ಬಿದ್ದಾಗ ಅಲ್ಲಿದ್ದ ಕಾರನ್ನು ಎಳೆದುಕೊಂಡು ಹೋಗುತ್ತಾರೆ.

ಬೇಸಿಗೆಯಲ್ಲಿ ಸುಂಟರಗಾಳಿ ಸೈರನ್. ಮೇಲಿನ ಮಹಡಿಯವರು ಎಲ್ಲಿಗೆ ಇಳಿಯಬೇಕು ಅಂತ ಸೇರಿದ ವಾರವೇ ಕೇಳಿಟ್ಟುಕೊಳ್ಳಿ. 2020ರ ಆಗಸ್ಟ್ 10ರಂದು ಬೀಸಿದ ಡೆರೇಚೊ ಬಿರುಗಾಳಿ ಅಯೋವಾವನ್ನು ಅಡ್ಡಕ್ಕೆ ಸೀಳಿಕೊಂಡು ಹೋದಾಗ ಎಷ್ಟೋ ಮನೆಗಳಿಗೆ ದಿನಗಟ್ಟಲೆ ಕರೆಂಟಿರಲಿಲ್ಲ. ಒಂದು ಟಾರ್ಚ್, ಒಂದು ಪವರ್ ಬ್ಯಾಂಕ್, ಒಂದಿಷ್ಟು ಅವಲಕ್ಕಿ ಮನೆಯಲ್ಲಿರಲಿ.

8. ಬಿಡುವಾಗ

ನೀವು ಹೋದ ಮೇಲೆ ಡೆಪಾಸಿಟ್ ಲೆಕ್ಕ ಕೊಡೋಕೆ ಮಾಲೀಕರಿಗೆ 30 ದಿನ ಇದೆ. ಏನೇನು ಹಿಡಿದುಕೊಂಡೆವು, ಯಾಕೆ ಅಂತ ಬರೆದು ಕೊಡಬೇಕು. ಆದರೆ ಆ 30 ದಿನ ಎಣಿಕೆಯಾಗಬೇಕಾದರೆ ನಿಮ್ಮ ಹೊಸ ವಿಳಾಸ ಅವರ ಕೈಲಿರಬೇಕು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮೇಲ್ ಮಾಡಿ, ಕೀಲಿ ಕೊಡುವಾಗ ಒಂದು ಚೀಟಿಯಲ್ಲೂ ಬರೆದು ಕೊಡಿ.

ವರ್ಷಗಟ್ಟಲೆ ಓಡಾಡಿ ಕಾರ್ಪೆಟ್ ಸವೆದಿದ್ದಕ್ಕೆ, ಬಣ್ಣ ಮಾಸಿದ್ದಕ್ಕೆ ದುಡ್ಡು ಹಿಡಿಯುವಂತಿಲ್ಲ. 2016ರಲ್ಲಿ ಅಯೋವಾ ಸುಪ್ರೀಂ ಕೋರ್ಟ್, ಅಯೋವಾ ಸಿಟಿಯ ಒಂದು ಕೇಸಿನಲ್ಲಿ, ಮನೆ ಯಾವ ಸ್ಥಿತಿಯಲ್ಲಿದ್ದರೂ ಕಾರ್ಪೆಟ್ ತೊಳೆಸುವ ಖರ್ಚನ್ನು ಡೆಪಾಸಿಟ್‌ನಿಂದ ತಾನಾಗಿ ಕಳೆಯುವ ಲೀಸ್ ಷರತ್ತು ಕಾನೂನಿಗೆ ಸರಿಹೊಂದುವುದಿಲ್ಲ ಅಂದಿತು. ಬೆಂಗಳೂರಿನ "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ" ಪದ್ಧತಿ ನೆನಪಾಯಿತು ನನಗೆ. ಅರಿಶಿನದ ಕಲೆ ಮಾತ್ರ ಸವೆತದ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟೆಯ ಬಿಳಿ ಹಾಸಿನ ಮೇಲೆ ಬಿದ್ದಿದ್ದರೆ ಅಡುಗೆ ಸೋಡಾ ಹಚ್ಚಿ ಒಂದು ರಾತ್ರಿ ಬಿಡಿ, ತಿಳಿಯಾಗುತ್ತದೆ. ಹುಡ್‌ನ ಜಾಲರಿಯನ್ನು ಬಿಸಿನೀರು ಸೋಪಿನಲ್ಲಿ ನೆನೆಸಿ, ಒಲೆಯ ಹಿಂದಿನ ಗೋಡೆ ಒರೆಸಿ. ನಮ್ಮ ಮನೆಗಳಲ್ಲಿ ಡೆಪಾಸಿಟ್ ಹೋಗುವುದು ಹೆಚ್ಚಾಗಿ ಎಣ್ಣೆ ಜಿಡ್ಡಿಗೆ. ಮತ್ತೆ ಒಂದು ವಿಡಿಯೋ ಮಾಡಿ, ಮೊದಲ ದಿನ ಮಾಡಿದ ದಾರಿಯಲ್ಲೇ.

ಕೊನೆಗೆ ಚೆಕ್ಕು. ರೂಮ್‌ಮೇಟ್‌ಗಳು ಇದ್ದರೆ ಅದನ್ನು ಯಾರ ಹೆಸರಿಗೆ ಬರೆಯಬೇಕು ಅಂತ ಎಲ್ಲರೂ ಸೇರಿ ಮೊದಲೇ ಮೇಲ್ ಮಾಡಿ. ನಮಗೆ ನಾಲ್ಕೂ ಹೆಸರು ಸೇರಿಸಿ ಒಂದೇ ಚೆಕ್ಕು ಬಂತು. ಬ್ಯಾಂಕಿನವರು ನಾಲ್ವರ ಸಹಿಯೂ ಬೇಕು ಅಂದರು. ಅಷ್ಟು ಹೊತ್ತಿಗೆ ಒಬ್ಬ ಡಲ್ಲಾಸ್‌ನಲ್ಲಿ, ಒಬ್ಬ ಸಿಯಾಟಲ್‌ನಲ್ಲಿ, ಒಬ್ಬ ಮದುವೆಗೆ ಅಂತ ಹಾಸನಕ್ಕೆ ಹೋಗಿದ್ದ. ಚೆಕ್ಕು ಲಕೋಟೆಯಲ್ಲಿ ಊರೂರು ಸುತ್ತಿ ನನ್ನ ಹತ್ತಿರ ವಾಪಸ್ ಬಂದಾಗ ಅಕ್ಟೋಬರ್ ಆಗಿತ್ತು. ಮೇಜಿನ ಮೇಲೆ ಮುಂದಿನ ವರ್ಷದ ಲೀಸ್ ಸಹಿಗೆ ಕಾಯುತ್ತಿತ್ತು.